ಹಡಗಿನ ಲೆಕ್ಕ ಬರೀರಿ, ದಿನದ ಲೆಕ್ಕ ಬ್ಯಾಡ

ಬಸ್ಸು ತಪ್ಪಿದ್ರ ಇನ್ನೊಂದು ಬಸ್ಸು ಬರ್ತದ. ನಾವು ಹುಬ್ಬಳ್ಳಿ-ಧಾರವಾಡದ ಕಡೆ ಮಂದಿ ಇಷ್ಟು ದಿನಾ ಪ್ರವಾಸ ಮಾಡಿದ್ದು ಈ ಒಂದು ಧೈರ್ಯದ ಮ್ಯಾಲೆ. ಶಿರಸಿಗೆ ಹೋಗೋದಿರಲಿ, ಪಂಢರಪುರಕ್ಕ ಹೋಗೋದಿರಲಿ, ಸ್ಟ್ಯಾಂಡಿನಾಗ ಹೋಗಿ ನಿಂತ್ರ ಯಾವುದರೆ ಒಂದು ಗಾಡಿ ಸಿಗ್ತದ. ಅದು ಇಲ್ಲಂದ್ರ ಟೆಂಪೋ. ಅದೂ ಇಲ್ಲಂದ್ರ ಆ ಊರಾಗ ಯಾರದರೆ ಕಾಕಾನ ಮನಿ ಇದ್ದೇ ಇರ್ತದ. ಹಿಂಗಾಗಿ ನಮ್ಮ ಮಂದ್ಯಾಗ ಪ್ಲಾನ್ ಅನ್ನೋದು ಎರಡೇ ನಮೂನಿ. ಒಂದೋ ಏನೂ ಮಾಡಂಗಿಲ್ಲ, ಚೀಲಾ ಹೆಗಲಿಗೆ ಹಾಕ್ಕೊಂಡು ಹೊರಡೋದು. ಇಲ್ಲಾ, ನಸಕಿನ ನಾಕಕ್ಕ ಎಲ್ಲಾರನ್ನೂ ಎಬ್ಬಿಸಿ, ರಾತ್ರಿ ಹತ್ತರ ತನಕ ಏಳು ಗುಡಿ, ಎರಡು ಫಾಲ್ಸು, ಒಂದು ಡ್ಯಾಮು ತೋರಿಸಿ, "ಒಂದೂ ಬಿಡಲಿಲ್ಲ ನೋಡ್ರಿ" ಅಂತ ಮನಿಗೆ ಬಂದು ಎರಡು ದಿನಾ ಮಲಗೋದು.

ದ್ವೀಪದಾಗ ಈ ಎರಡೂ ನಮೂನಿ ನಡಿಯಂಗಿಲ್ಲ. ನನ್ನ ಮಾತು ಇಷ್ಟೇ.

ಯಾಕ ಬರಿಯಾಕತ್ತೀನಿ ಅಂದ್ರ, ನಮ್ಮ ಮೌಶಿ ಮಗಳು ಮನಿಮಂದಿ ಎಲ್ಲಾ ಕೂಡಿ ಈ ಡಿಸೆಂಬರದಾಗ ಅಂಡಮಾನಕ್ಕ ಹೊಂಟಾಳ. ಆಕಿ ಗಂಡ ಕೇಂದ್ರ ಸರಕಾರದ ನೌಕರ, ಎಲ್‌ಟಿಸಿ ಅದ. ಅಂಡಮಾನಕ್ಕ ಹೋಗವರಿಗೆ ವಿಮಾನದ ಖರ್ಚಿಗೆ ಅದರಾಗ ವಿಶೇಷ ಸವಲತ್ತು ಕೊಟ್ಟಾರ, ಅದಕ್ಕ ನೌಕರಿ ಮಂದಿ ಭಾಳ ಜನಾ ಹೋಗ್ತಾರ. ಇವರ ಜೋಡಿ ನಮ್ಮ ಮೌಶೀನೂ ಹೊಂಟಾಳ. ವಯಸ್ಸು 71, ಎರಡೂ ಮೊಣಕಾಲು ನೋವು, ತಿರುಪತಿಕ್ಕಿಂತ ಆಚಿಗೆ ಹೋದಾಕಿ ಅಲ್ಲ. ಮನ್ನೆ ಆ ಹುಡುಗಿ ವಾಟ್ಸ್ಯಾಪಿನಾಗ ಒಂದು ಎಕ್ಸೆಲ್ ಶೀಟು ಕಳಿಸಿದ್ಲು. ಆಕಿ ಗಂಡ ಮಾಡಿದ್ದು. ಆರು ದಿನಾ, 23 ಜಾಗಾ. "ಅಕ್ಕಾ, ನೀವು ಹೋಗಿ ಬಂದೀರಿ, ಇದು ಸರಿ ಅದೇನು ನೋಡು" ಅಂತ. ಆ ಶೀಟಿನಾಗ ಊಟಕ್ಕ 40 ನಿಮಿಷ, ಸೂರ್ಯಾಸ್ತಕ್ಕ 25 ನಿಮಿಷ ಇಟ್ಟಿದ್ರು. ಕಡೇ ದಿನಾ ಮುಂಜಾನೆ ನೀಲ್ ದ್ವೀಪದಿಂದ ಹಡಗು, ಅದೇ ದಿನಾ ಮಧ್ಯಾಹ್ನ ಬೆಂಗಳೂರಿಗೆ ವಿಮಾನ. ಅದನ್ನ ನೋಡಿ ನನಗ ಎದಿ ಝಲ್ ಅಂತು. ಆಕಿಗೆ ಫೋನಿನಾಗ ಅರ್ಧಾ ತಾಸು ಹೇಳಿದೆ. ಹೇಳಿದ್ದನ್ನೇ ಈಗ ಇಲ್ಲೆ ಬರೀತೀನಿ. ಇನ್ನೂ ಯಾರರೆ ಹೊಂಟಿದ್ರ ಅವರಿಗೂ ಆಗ್ತದ.

ಮೊದಲು ಹಡಗಿನ ಮಾತು. ವಿಮಾನ ಇಳಿಯೋದು ಪೋರ್ಟ್ ಬ್ಲೇರಿನಾಗ. ಈಗ ಅದರ ಹೆಸರು ಶ್ರೀ ವಿಜಯ ಪುರಂ, 2024ರಾಗ ಬದಲಿ ಮಾಡಿದ್ರು. ಆದ್ರ ಎಲ್ಲಾರೂ ಇನ್ನೂ ಪೋರ್ಟ್ ಬ್ಲೇರ್ ಅಂತನೇ ಅಂತಾರ, ನಾನೂ ಹಂಗೇ ಬರೀತೀನಿ. ಅಲ್ಲಿಂದ ಹ್ಯಾವ್‌ಲಾಕ್, ನೀಲ್ ದ್ವೀಪಕ್ಕ ಹೋಗಬೇಕಂದ್ರ ಹಡಗೇ ಗತಿ. ಈ ಎರಡಕ್ಕೂ 2018ರಾಗ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಅಂತ ಹೆಸರು ಇಟ್ಟಾರ, ಟಿಕೀಟಿನ ಮ್ಯಾಲೆ ಆ ಹೆಸರು ಕಂಡ್ರ ಗಾಬರಿ ಆಗಬ್ಯಾಡ್ರಿ. ಖಾಸಗಿ ಹಡಗಿನಾಗ ಹ್ಯಾವ್‌ಲಾಕಿಗೆ ಒಂದೂವರೆ ತಾಸು, ಸರಕಾರಿ ಹಡಗಿನಾಗ ಅದಕ್ಕಿಂತ ಒಂದು ತಾಸು ಹೆಚ್ಚು ಹಿಡೀತದ.

ಈ ಹಡಗು ಸಮುದ್ರಾ ಹೂಂ ಅಂದ್ರ ಮಾತ್ರ ಹೊರಡ್ತದ. ನಮ್ಮಲ್ಲೆ ಮಳಿ ಬಂದ್ರ ಬಸ್ಸು ತಡಾ ಆಗ್ತದ, ನಿಂದ್ರಂಗಿಲ್ಲ. ಅಲ್ಲೆ ಗಾಳಿ ಜೋರಾತು ಅಂದ್ರ ಆ ದಿನದ ಹಡಗು ರದ್ದು, ಮುಗೀತು. ಬ್ಯಾರೆ ದಾರಿ ಇಲ್ಲ, ಸೇತುವಿ ಇಲ್ಲ, "ಡಬಲ್ ರೊಕ್ಕಾ ಕೊಡ್ತೀನಿ ಬಿಡೋ ಮಾರಾಯಾ" ಅಂದ್ರ ಬಿಡವರು ಇಲ್ಲ. ಮತ್ತ ಇದು ಬರೇ ಮಳಿಗಾಲದ ಮಾತಲ್ಲ. 2016ರ ಡಿಸೆಂಬರದಾಗ, ಮಂದಿ ಎಲ್ಲಾ ಸೀಜನ್ ಅಂತ ಹೋಗೋ ಹೊತ್ತಿನಾಗೇ, ಚಂಡಮಾರುತದ ಗಾಳಿ-ಮಳಿಗೆ ಹ್ಯಾವ್‌ಲಾಕ್, ನೀಲ್ ಎರಡೂ ಕಡೆ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕೊಂಡಿದ್ರು. ಅವರನ್ನ ಕರಕೊಂಡು ಬರ್ಲಿಕ್ಕೆ ನೌಕಾಪಡೆಯ ಹಡಗೇ ಹೋಗಬೇಕಾತು.

ಅದಕ್ಕ, ನೀರು ದಾಟೋ ದಿನಗೋಳನ್ನ ಮಾತ್ರ ಗಟ್ಟಿ ಪ್ಲಾನ್ ಮಾಡ್ರಿ. ಯಾವ ದಿನಾ ಯಾವ ಹಡಗು, ಎಷ್ಟಕ್ಕ ಬಂದರಕ್ಕ ಮುಟ್ಟಬೇಕು, ಎಲ್ಲಾರ ಗುರುತಿನ ಚೀಟಿ ಯಾರ ಚೀಲದಾಗ ಅವ, ಇಳಿದಮ್ಯಾಲೆ ಯಾವ ಹೊಟೇಲಿನ ಗಾಡಿ ಬರ್ತದ, ಇಷ್ಟೂ ಕಾಗದದ ಮ್ಯಾಲೆ ಬರದು ಇಟ್ಕೋರಿ. ಫೋನ್ ನಂಬಿ ಹೋಗಬ್ಯಾಡ್ರಿ. 2020ರಾಗ ಚೆನ್ನೈದಿಂದ ಸಮುದ್ರದ ತಳದಾಗ ಕೇಬಲ್ ಎಳದಮ್ಯಾಲೆ ನೆಟ್‌ವರ್ಕ್ ಭಾಳ ಸುಧಾರಿಸ್ಯದ, ಖರೆ. ಆದ್ರೂ ಬೇಕಾದಾಗಲೇ ಕೈ ಕೊಡ್ತದ. ಟಿಕೀಟು ಮೊದಲೇ ತಗೋರಿ, ಡಿಸೆಂಬರ-ಜನವರಿಯಾಗ ಕಡೀಗಳಿಗೆ ಸಿಗಂಗಿಲ್ಲ. ಮತ್ತ ಎಲ್ಲಾಕ್ಕಿಂತ ದೊಡ್ಡದು, ಕಡೇ ರಾತ್ರಿ ಪೋರ್ಟ್ ಬ್ಲೇರಿನಾಗೇ ಇರ್ರಿ. ಸಾಧ್ಯ ಇದ್ರ ಎರಡು ರಾತ್ರಿ.

"ಅಕ್ಕಾ, ಒಂದು ದಿನಾ ಸುಮ್ಮ ಹಾಳಾಗ್ತದಲ್ಲಾ" ಅಂದ್ಲು ಆಕಿ. ಹಾಳು ಯಾಕ ಆಗಬೇಕು? ನೀರು ದಾಟೋ ಕೆಲಸಾ ಇಲ್ಲದ್ದನ್ನೆಲ್ಲಾ ಆ ದಿನಕ್ಕ ಇಟ್ಕೋರಿ. ಟೂರ್‌ದವರು ಸೆಲ್ಯುಲರ್ ಜೈಲನ್ನ ಮೊದಲನೇ ದಿನಾನೇ ತೋರಿಸಿಬಿಡ್ತಾರ. ರಾತ್ರಿ ಎಲ್ಲಾ ನಿದ್ದಿಗೆಟ್ಟು, ಬೆಂಗಳೂರಿನ ತನಕ ರೈಲಿನಾಗ ಬಂದು, ಅಲ್ಲಿಂದ ವಿಮಾನ ಹತ್ತಿ ಇಳಿದವರಿಗೆ ಆ ಜೈಲು ಏನು ತಿಳೀಬೇಕು? ಹುಡುಗೂರು ಆಕಳಿಸಿಕೋತ ನಿಂದ್ರತಾವು. ಅಲ್ಲೆ ಅಮೃತಶಿಲೆ ಹಲಗಿ ಮ್ಯಾಲೆ ಕೈದಿಗಳ ಹೆಸರು ಕೆತ್ತ್ಯಾರ, ಒಂದೊಂದೇ ಓದಬೇಕು. ಆ ಖೋಲಿಯೊಳಗ ಒಂದು ನಿಮಿಷ ಒಬ್ಬರೇ ನಿಂತು ನೋಡಬೇಕು, ಎದುರಿಗೆ ಇನ್ನೊಂದು ಖೋಲಿ ಬಾಗಿಲಾ ಕಾಣಂಗಿಲ್ಲ, ಮುಂದಿನ ಸಾಲಿನ ಬೆನ್ನು ಮಾತ್ರ ಕಾಣ್ತದ, ಹಂಗ ಕಟ್ಟ್ಯಾರ. ಅದನ್ನೆಲ್ಲಾ ಪುರಸೊತ್ತಿಲೆ ನೋಡೋದದ. ಕಡೇ ದಿನಕ್ಕ ಇಟ್ಟ್ರ ಮನಸ್ಸೂ ಹದಕ್ಕ ಬಂದಿರ್ತದ. ಹಡಗು ರದ್ದಾದ್ರ ಮಾತ್ರ ಜೈಲು ತಪ್ಪಬಹುದು, ವಿಮಾನ ತಪ್ಪಂಗಿಲ್ಲ.

ನಮಗ ಇದು ಆಗೇ ಆತು. ನಾವು ಐದು ಮಂದಿ, ನಾನು, ನಮ್ಮನಿಯವರು, ಇಬ್ಬರು ಮಕ್ಕಳು, ನಮ್ಮ ಅತ್ತಿಯವರು. ನೀಲ್‌ದಿಂದ ವಾಪಸ್ ಬರೋ ದಿನಾ ಮುಂಜಾನೆ ಹೊಟೇಲಿನವ ಬಂದು "ಇವತ್ತು ಹಡಗು ಇಲ್ಲ" ಅಂದ. ಬಾಜೂ ಖೋಲಿಯಾಗ ಬೆಳಗಾವಿ ಕಡೆಯ ಒಂದು ಕುಟುಂಬ ಇತ್ತು, ಅವರ ವಿಮಾನ ಅದೇ ದಿನಾ ಮಧ್ಯಾಹ್ನ. ಆ ಮನೆಯಾಕಿ ಮಗೂನ್ನ ಎತ್ಕೊಂಡು ಅಳಕೋತ ಕೂತಿದ್ಲು, ಗಂಡ ಫೋನ್ ಹಿಡ್ಕೊಂಡು ಆ ಮೂಲಿಯಿಂದ ಈ ಮೂಲಿಗೆ ಓಡಾಡಿಕೋತ ನೆಟ್‌ವರ್ಕ್ ಹುಡುಕಾಕತ್ತಿದ್ದ. ಐದು ಮಂದಿ ವಿಮಾನದ ರೊಕ್ಕ ಅಂದ್ರ ಒಂದು ವರ್ಷದ ಉಳಿತಾಯರೀ, ಸಣ್ಣ ಮಾತಲ್ಲ. ಅವರಿಗೆ ಆ ಪ್ಯಾಕೇಜ್ ಮಾರಿದ ಏಜೆಂಟ "ಹವಾಮಾನಕ್ಕ ನಾವು ಜವಾಬ್ದಾರರಲ್ಲ" ಅಂತ ಕೈ ತೊಳಕೊಂಡನಂತ. ನಮಗ ಆ ದಿನಾ ಹೋದದ್ದು ಪೋರ್ಟ್ ಬ್ಲೇರಿನ ಒಂದು ರಾತ್ರಿ ಹೊಟೇಲ್ ಬಾಡಿಗಿ ಅಷ್ಟೇ. ಇನ್ನೊಂದು ರಾತ್ರಿ ಕೈಯಾಗ ಇತ್ತು.

ಆ ರದ್ದಾದ ದಿನದ ಬಗ್ಗೆ ಇನ್ನಷ್ಟು ಹೇಳಬೇಕು, ಯಾಕಂದ್ರ ಪ್ಲಾನ್ ಎಷ್ಟು ಮಾಡಬೇಕು ಅನ್ನೋ ಪ್ರಶ್ನೆಗೆ ಅರ್ಧಾ ಉತ್ತರ ಅದರಾಗೇ ಅದ.

ನೀಲ್ ಸಣ್ಣ ದ್ವೀಪ. ದೇಶ ಇಬ್ಭಾಗ ಆದಮ್ಯಾಲೆ ಪೂರ್ವ ಬಂಗಾಳ ಬಿಟ್ಟು ಬಂದವರನ್ನ ಅಲ್ಲೆ ನೆಲಿ ನಿಲ್ಲಿಸ್ಯಾರ, ಈಗ ಅವರ ಮಕ್ಕಳು-ಮೊಮ್ಮಕ್ಕಳು ಕಾಯಿಪಲ್ಯಾ ಬೆಳೀತಾರ, ಪೋರ್ಟ್ ಬ್ಲೇರಿಗೆ ಇಲ್ಲಿಂದೇ ಹೋಗ್ತದ. ದಂಡಿಗೋಳ ಹೆಸರು ಭರತಪುರ, ಲಕ್ಷ್ಮಣಪುರ, ಸೀತಾಪುರ. ಊರಿಗೆ ರಾಮನಗರ ಅಂತನೂ ಅದ. ನಮ್ಮ ಅತ್ತಿಯವರಿಗೆ ಇದೊಂದು ಭಾಳ ಖುಷಿ ಕೊಟ್ಟಿತ್ತು, "ಸಮುದ್ರದ ನಡಕ ಬಂದು ರಾಮಾಯಣ ಸಿಕ್ತಲ್ಲವಾ" ಅಂತ ಎಲ್ಲಾರಿಗೂ ಹೇಳಿದ್ದೇ ಹೇಳಿದ್ದು. ಹಡಗು ಇಲ್ಲ ಅಂತಾದಮ್ಯಾಲೆ ಅವರು ಭರತಪುರದ ದಂಡೀಗೆ ಒಂದು ಕುರ್ಚಿ ಹಾಕಿಸ್ಕೊಂಡು ಕೂತ್ರು. ಮುಂಜಾನೆ ಒಂಬತ್ತಕ್ಕ ಕೂತವರು ಮಧ್ಯಾಹ್ನ ಊಟಕ್ಕ ಎದ್ದು ಮತ್ತ ಹೋಗಿ ಕೂತ್ರು. ಗಾಳಿ ಇತ್ತು, ಮಳಿ ಇರಲಿಲ್ಲ. ಎಳನೀರು ಮಾರೋ ಬಂಗಾಳಿ ಹೆಣ್ಣುಮಗಳೊಬ್ಬಾಕಿ ಬಂದು ಅವರ ಬಾಜೂ ಕೂತ್ಲು. ಇವರಿಗೆ ಬಂಗಾಳಿ ಬರಂಗಿಲ್ಲ, ಆಕಿಗೆ ಕನ್ನಡಾ ಬರಂಗಿಲ್ಲ, ಇಬ್ಬರಿಗೂ ಹಿಂದಿ ಅರ್ಧಂಬರ್ಧ. ಒಂದು ತಾಸು ಮಾತಾಡಿದ್ರು. ಏನು ಮಾತಾಡಿದ್ರಿ ಅಂತ ಕೇಳಿದ್ರ, "ಉಪ್ಪಿನಕಾಯಿಗೆ ಆಕಿ ಸಾಸಿವಿ ಎಣ್ಣಿ ಹಾಕ್ತಾಳಂತ" ಅಂದ್ರು. ಇಷ್ಟು ತಿಳ್ಕೊಳ್ಳಿಕ್ಕೆ ಒಂದು ತಾಸು.

ಸಂಜಿಮುಂದ ನನ್ನ ಕಡೆ ನೋಡಿ ಅಂದ್ರು, "ಮದಿವ್ಯಾಗಿ 52 ವರ್ಷ ಆತು, ಯಾರೂ ಎಬ್ಬಿಸಲಾರದಂಗ ಇಷ್ಟೊತ್ತು ನಾ ಒಂದ ಕಡೆ ಕೂತಿದ್ದು ಇವತ್ತೇ ನೋಡು."

ನಾ ಏನೂ ಅನ್ನಲಿಲ್ಲ. ಅವರನ್ನ ಎಬ್ಬಿಸಿದವರೊಳಗ ನಾವೂ ಇದ್ದೀವಲ್ಲಾ, ಅವರ ಮಕ್ಕಳು, ಮೊಮ್ಮಕ್ಕಳು, ಮನಿಗೆ ಬಂದು-ಹೋಗವರು, ಎಲ್ಲಾರೂ. ಆ ಎಕ್ಸೆಲ್ ಶೀಟಿನಾಗ ನಮ್ಮ ಮೌಶಿಗೆ ಎಲ್ಲೆ ಕೂಡ್ಲಿಕ್ಕೆ ಜಾಗಾ ಅದ ಅಂತ ನಾ ಹುಡುಕಿದ್ದು ಅದಕ್ಕೇ. ಎಲ್ಲೂ ಇರಲಿಲ್ಲ.

ಇನ್ನ ದಿನದೊಳಗಿನ ಮಾತು. ದಿನಾನ ಖಾಲಿ ಬಿಡ್ರಿ ಅಂದ್ರ ಕಣ್ಣು ಮುಚ್ಚಿ ಹೋಗ್ರಿ ಅಂತಲ್ಲ. ಅಲ್ಲಿ ಸೂರ್ಯ, ಅಲ್ಲಿ ನೀರು ಹೆಂಗ ನಡೀತಾವು ಅನ್ನೋದು ಮನಿ ಬಿಡೂಕಿಂತ ಮೊದಲು ಗೊತ್ತಿರಬೇಕು. ಅಂಡಮಾನ್ ನಮಗಿಂತ ಭಾಳ ಪೂರ್ವಕ್ಕದ, ಆದ್ರ ಗಡಿಯಾರ ನಮ್ಮದೇ. ಹಿಂಗಾಗಿ ಧಾರವಾಡಕ್ಕಿಂತ ಸುಮಾರು ಒಂದು ತಾಸು ಹತ್ತು ನಿಮಿಷ ಮೊದಲೇ ಅಲ್ಲೆ ಬೆಳಗಾಗ್ತದ, ಅಷ್ಟೇ ಮೊದಲು ಕತ್ತಲೂ ಆಗ್ತದ. ಡಿಸೆಂಬರದಾಗ ಐದಕ್ಕ ಸೂರ್ಯ ಮುಳುಗಿ ಐದೂವರಿಗೆ ಗವ್ ಅಂತ ಕತ್ತಲಿ. ನಮ್ಮ ರೂಢಿ ಏನು? ಮಧ್ಯಾಹ್ನ ಊಟಾ ಮಾಡಿ ಒಂದು ತಾಸು ಅಡ್ಡಾಗಿ, ನಾಕೂವರಿಗೆ ಎದ್ದು, ಚಹಾ ಕುಡದು, ಹೆರಳು ಹಾಕ್ಕೊಂಡು, ಐದಕ್ಕ ಹೊರಬೀಳೋದು. ಅಲ್ಲೆ ಹಿಂಗ ಮಾಡಿದ್ರ ಸಮುದ್ರದ ಸಪ್ಪಳಾ ಕೇಳಿಸ್ತದ, ಸಮುದ್ರಾ ಕಾಣಂಗಿಲ್ಲ. ರಾಧಾನಗರದ ದಂಡೀಗೆ ಸೂರ್ಯಾಸ್ತ ನೋಡೋದಿದ್ರ ಮೂರೂವರಿಗೆ ಅಲ್ಲೆ ಇರಬೇಕು. ಆದ್ರ ನಸಕಿನಾಗ ಐದೂವರೆಗೇ ಬೆಳಕು ಹರಿದಿರ್ತದ, ಯಾವ ದಂಡಿಗೂ ಮಂದಿ ಇರಂಗಿಲ್ಲ. ಮನ್ಯಾಗ ಹೆಂಗೂ ಐದಕ್ಕ ಏಳೋ ಹೆಣ್ಣುಮಕ್ಕಳಿಗೆ ಆ ಹೊತ್ತು ಹೇಳಿ ಮಾಡಿಸಿದ್ದು, ಒಲಿ ಹಚ್ಚೋ ಕೆಲಸಾ ಇಲ್ಲ, ಹಂಗೇ ನಡಕೋತ ಹೋಗಬಹುದು.

ನೀರಿನ ಉಬ್ಬರ-ಇಳಿತದ್ದೂ ಹಂಗೇ. ನೀಲ್‌ನಾಗ ಲಕ್ಷ್ಮಣಪುರದ ಕಡೆ ಸಮುದ್ರಾನೇ ಕೊರದು ಮಾಡಿದ ಕಲ್ಲಿನ ಕಮಾನು ಅದ. ನೀರು ಇಳದಾಗ ಮಾತ್ರ ಅದರ ಹತ್ರ ಹೋಗ್ಲಿಕ್ಕೆ ಬರ್ತದ. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕ ಹೋಗ್ತದ, ಅಂದ್ರ ಊರಾಗ ಕೂತು "ಮಂಗಳವಾರ ಹತ್ತು ಗಂಟೆ" ಅಂತ ಶೀಟಿನಾಗ ಬರದ್ರ ಉಪಯೋಗಿಲ್ಲ. ಅಲ್ಲಿ ಆಟೋದವರನ್ನ ಕೇಳಿದ್ರ "ಇವತ್ತು ಇಷ್ಟಕ್ಕ ನೀರು ಇಳೀತದ" ಅಂತ ಹೇಳ್ತಾರ. ನಮ್ಮ ಅತ್ತಿಯವರಿಗೆ ಪಂಚಾಂಗದ ತಿಥಿ ಬಾಯಿಪಾಠ. ಹುಣ್ಣಿಮಿ-ಅಮಾವಾಸಿಗೆ ನೀರು ಹೆಚ್ಚು ಏರ್ತದ, ಹೆಚ್ಚು ಇಳೀತದ ಅನ್ನೋದು ಗೊತ್ತಾದಮ್ಯಾಲೆ ಅವರು ಆಟೋದವನಿಗೇ ತಿಥಿ ಹೇಳ್ಲಿಕ್ಕೆ ಶುರು ಮಾಡಿದ್ರು. ಆ ಕಲ್ಲಿನ ತನಕ ಅವರು ಬರಲಿಲ್ಲ, ಕಾಲಾಗ ಚೂಪು ಹವಳದ ಕಲ್ಲು, ಜಾರಿಕಿ. ಮೌಶಿಗೂ ಅದು ಬ್ಯಾಡ ಅಂತ ಹೇಳೀನಿ.

ಇನ್ನೊಂದು ಖಾತ್ರಿ ನೆನಪಿಡಬೇಕಾದ್ದು, ಸ್ಕೂಬಾ. ಹರೇದ ಹುಡುಗೂರು ಮಾಡೇ ಮಾಡ್ತಾವು, ಮಾಡ್ಲಿ, ಈಜು ಬರದಿದ್ರೂ ಜೋಡಿ ಒಬ್ಬರು ಹಿಡ್ಕೊಂಡು ಕರಕೊಂಡು ಹೋಗ್ತಾರ. ಆದ್ರ ನೀರಾಗ ಮುಳುಗಿ ಬಂದಮ್ಯಾಲೆ 18 ತಾಸು ವಿಮಾನ ಹತ್ತಬಾರದು. ಆಳದಾಗ ಉಸಿರಾಡಿದ್ದ ಗಾಳಿಯೊಳಗಿನ ನೈಟ್ರೋಜನ್ ರಕ್ತದಾಗ ಕೂಡಿರ್ತದ, ಮ್ಯಾಲೆ ಹಾರಿದ್ರ ಅದು ಗುಳ್ಳಿ ಆಗಿ ಜೀವಕ್ಕೇ ಕುತ್ತು ತರಬಹುದು. ಹಿಂಗಾಗಿ ಸ್ಕೂಬಾ ಮೊದಲಿನ ದಿನಗೋಳಾಗ. ಉಬ್ಬಸ, ಹೃದಯದ ತ್ರಾಸು ಇದ್ದವರು ಊರಾಗೇ ಡಾಕ್ಟರನ್ನ ಕೇಳಿಕೊಂಡು ಹೋಗ್ರಿ, ಅಲ್ಲೆ ಹೋಗಿ ಫಾರ್ಮಿನಾಗ ಸುಳ್ಳು ಬರೀಬ್ಯಾಡ್ರಿ.

ನಮ್ಮಣ್ಣನ ಮಗ ಒಬ್ಬ ಇದ್ದಾನ, ಬೆಂಗಳೂರಿನಾಗ ನೌಕರಿ. ಅವಂದು ಬ್ಯಾರೆ ವಾದ. "ಅತ್ಯಾ, ಪ್ಲಾನ್ ಮಾಡಿದ್ರ ಅದು ಟ್ರಿಪ್ಪೇ ಅಲ್ಲ, ಟಿಕೀಟ್ ತಗೊಂಡು ಹೋಗಿಬಿಡಬೇಕು" ಅಂತಾನ. ಅವನ ವಯಸ್ಸಿಗೆ, ಅವನ ಒಂದು ಚೀಲಕ್ಕ ಅದು ಸರಿ. ಹಡಗು ತಪ್ಪಿದ್ರ ಯಾರದರೆ ಪಡಸಾಲಿಯಾಗ ಮಲಗ್ತಾನ. ಬಿ.ಪಿ. ಗುಳಿಗಿ ಡಬ್ಬಿ, ಮೊಣಕಾಲಿನ ಪಟ್ಟಿ, ಸಣ್ಣ ಕೂಸಿನ ಹಾಲಿನಪುಡಿ ಹೊತ್ಕೊಂಡು ಹೋಗವರಿಗೆ ಆ ಮಾತು ಆಗಂಗಿಲ್ಲ. ಹಂಗ ಏನೂ ಪ್ಲಾನ್ ಇಲ್ಲದ ಮನ್ಯಾಗ ಪ್ಲಾನ್ ಇರಂಗಿಲ್ಲ ಅಂತಲ್ಲ, ಅದು ಯಾರ ಕಣ್ಣಿಗೂ ಕಾಣಂಗಿಲ್ಲ ಅಷ್ಟೇ. ಗುಳಿಗಿ ಎಣಿಸಿ ಇಟ್ಟಾಕಿ ಒಬ್ಬಾಕಿ ಇರ್ತಾಳ. ಪ್ರತಿ ಮುಂಜಾನೆ "ಇವತ್ತ ಏನು ಮಾಡೋಣು?" ಅಂತ ಐದು ಮಂದಿ ಆಕಿ ಮಾರಿ ನೋಡ್ತಾರ. ಊರಾಗ "ಇವತ್ತ ಏನು ಅಡಗಿ?" ಅಂತ ಕೇಳವರೇ ಅಲ್ಲೆ ಹೋಗಿ ಹಿಂಗ ಕೇಳ್ತಾರ. ಅದಕ್ಕ ನನ್ನ ಪಟ್ಟು ಏನಂದ್ರ, ಹಡಗು-ವಿಮಾನ-ಹೊಟೇಲಿನ ಲೆಕ್ಕ ಮನ್ಯಾಗ ಒಬ್ಬರು ಮಾಡಿದ್ರ, ಅಲ್ಲೆ ಇಳಿದಮ್ಯಾಲೆ ಅವರನ್ನ ಯಾರೂ ಏನೂ ಕೇಳಬಾರದು. ನಾವು ಹ್ಯಾವ್‌ಲಾಕಿನಾಗ ದಿನಕ್ಕೊಬ್ಬರ ಸರದಿ ಮಾಡಿದ್ವಿ. ಮಗಳ ದಿನಾ ಎಲಿಫಂಟ್ ಬೀಚಿಗೆ ದೋಣ್ಯಾಗ ಹೋಗಿ ಮೀನು ನೋಡಿದ್ವಿ. ಮಗನ ದಿನಾ ಮೂರು ಸಲ ಐಸ್‌ಕ್ರೀಮ್ ತಿಂದ್ವಿ, ಬ್ಯಾರೆ ಏನೂ ಆಗಲಿಲ್ಲ. ನಮ್ಮನಿಯವರ ದಿನಾ ಅವರು ಪೇಪರ್ ಹುಡುಕ್ಕೋತ ತಿರುಗಿದ್ರು. ಇರಲಿ, ಅವರ ದಿನಾ ಅವರದು.

23 ಜಾಗಾದಾಗ ಯಾವುದು ಬಿಡಬೇಕು ಅಂತ ಆಕಿ ಕೇಳಿದಾಗ ನಾ ಮೊದಲು ಹೊಡದು ಹಾಕಿಸಿದ್ದು ಬಾರಾಟಾಂಗ್. ಅಲ್ಲೆ ಸುಣ್ಣದಕಲ್ಲಿನ ಗುಹೆ ಅವ, ಛಲೋ ಇರಬಹುದು. ಆದ್ರ ಅಲ್ಲಿಗೆ ಹೋಗೋ ರಸ್ತೆ ಜಾರವಾ ಮಂದಿಯ ಕಾಡಿನ ನಡಕ ಹಾದು ಹೋಗ್ತದ. ಗಾಡಿಗೋಳನ್ನ ಸಾಲು ಮಾಡಿ, ಹೊತ್ತು ಗೊತ್ತು ಮಾಡಿ, ಪೊಲೀಸ್ ಕಾವಲಿನಾಗ ಬಿಡ್ತಾರ. ಆ ಕಾಡಿನೊಳಗಿನ ರಸ್ತೆ ಮುಚ್ಚಬೇಕು ಅಂತ 2002ರಾಗ ಸುಪ್ರೀಂ ಕೋರ್ಟ್ ಹೇಳಿತ್ತು, ಆದ್ರೂ ಗಾಡಿ ಓಡಾಡ್ತಾವು. ಫೋಟೋ ತಗೀಬ್ಯಾಡ್ರಿ, ಗಾಡಿ ನಿಂದ್ರಸಬ್ಯಾಡ್ರಿ ಅಂತ ಕಾನೂನು ಅದ, ಸರಿ. ಕಿಟಕಿಯಿಂದ ಇಣುಕೋ ಕಣ್ಣಿಗೆ ಯಾವ ಕಾನೂನು? ನಮ್ಮ ಅಂಗಳದಾಗ ಹಾದು ಹೋಗವರು ನಾವು ಬಟ್ಟಿ ಒಣಹಾಕೋದನ್ನ ಇಣಿಕಿ ನೋಡಿದ್ರ ನಮಗ ಹೆಂಗ ಅನ್ನಿಸ್ತದ ಅಂತ ಆಕಿಗೆ ಕೇಳಿದೆ. ಅದೂ ಅಲ್ಲದ, ನಡುರಾತ್ರಿ ಮೂರಕ್ಕ ಮೌಶೀನ ಎಬ್ಬಿಸಿ ಗಾಡ್ಯಾಗ ಹಾಕಬೇಕು. ಆ ಸಾಲು ಅಳಿಸಿದ್ಲು. ಉತ್ತರದ ತುದಿಯ ದಿಗ್ಲೀಪುರನೂ ಅಳಿಸಿದ್ಲು, ಅದು ಇನ್ನೂ ದೂರ. ಕಡೀಗೆ ಉಳಿದದ್ದು ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಅಷ್ಟೇ. ಆರು ದಿನಾ ಇದ್ದದ್ದು ಎಂಟಾತು. ರಜಾ ಕೇಳ್ಲಿಕ್ಕೆ ಗಂಡ ಒಪ್ಪ್ಯಾನಂತ.

ಇಷ್ಟು ದೂರ, ಇಷ್ಟು ರೊಕ್ಕಾ ಹಾಕೋಕಿಂತ ಮೊದಲು ಮನಿಮಂದಿಗೆ ನೀರಿನ ಮ್ಯಾಲಿನ ಪ್ರವಾಸ ಒಗ್ಗತದೋ ಇಲ್ಲೋ ನೋಡಬೇಕು ಅನ್ನವರು ಮಲ್ಪೆಗೆ ಹೋಗಿ ಸೇಂಟ್ ಮೇರಿಸ್ ದ್ವೀಪಕ್ಕ ದೋಣ್ಯಾಗ ಒಂದು ಸುತ್ತು ಹಾಕ್ರಿ. ಮಳಿಗಾಲ ಬಿಟ್ಟು ಹೋಗಬೇಕು, ರಾತ್ರಿ ಉಳೀಲಿಕ್ಕೆ ಬರಂಗಿಲ್ಲ, ಅರ್ಧಾ ದಿನದ ಕೆಲಸಾ. ಆರು ಮೂಲಿ ಕಂಬದ ಹಂಗ ನಿಂತ ಕಲ್ಲು ಅವ, ಅವನ್ನ ನೋಡ್ಲಿಕ್ಕರೆ ಹೋಗಬೇಕು. ಯಾರಿಗೆ ದೋಣ್ಯಾಗ ಹೊಟ್ಟಿ ತೊಳಸ್ತದ ಅನ್ನೋದು ಅಲ್ಲೇ ಗೊತ್ತಾಗ್ತದ. ಗೊತ್ತಾದ್ರ ಅಂಡಮಾನಿನ ಹಡಗಿಗೆ ಗುಳಿಗಿ ಮೊದಲೇ ಕೊಡಬಹುದು, ಹಡಗು ಅಲ್ಲಾಡ್ಲಿಕ್ಕೆ ಶುರು ಆದಮ್ಯಾಲೆ ಕೊಟ್ಟ್ರ ಹತ್ತಂಗಿಲ್ಲ. ಹತ್ತೋ ಮುಂದ ಹೊಟ್ಟಿ ತುಂಬ ಪುರಿ-ಭಾಜಿ ಬ್ಯಾಡ, ಒಂದೆರಡು ಬಿಸ್ಕೀಟು ಸಾಕು.

ಕೈಯಾಗ ನಗದು ಇರಲಿ, ಸಣ್ಣ ದ್ವೀಪದಾಗ ಎ.ಟಿ.ಎಂ. ಕಮ್ಮಿ, ಇದ್ದದ್ದೂ ಖಾಲಿ ಇರ್ತದ. ಹುಡುಗೂರು ದಂಡೀಗೆ ಶಂಖ, ಹವಳದ ತುಂಡು ಆರಿಸಿ ಕಿಸೇದಾಗ ತುಂಬಿಕೊಂಡಿರ್ತಾವು, ಹೊರಡೋ ಹಿಂದಿನ ರಾತ್ರಿ ಎಲ್ಲಾ ಕಿಸೆ ಝಾಡಿಸ್ರಿ. ಅದನ್ನ ತರಲಿಕ್ಕೆ ಪರವಾನಗಿ ಇಲ್ಲ, ವಿಮಾನ ನಿಲ್ದಾಣದಾಗ ಹಿಡೀತಾರ. ಊಟಕ್ಕ ತ್ರಾಸಿಲ್ಲ, ಅನ್ನ-ಬ್ಯಾಳಿ-ಪಲ್ಯಾ ಎಲ್ಲಾ ಕಡೆ ಸಿಗ್ತದ, ಸ್ವಲ್ಪ ಸಪ್ಪಗ. ಶೇಂಗಾ ಚಟ್ನಿಪುಡಿ ಎರಡು ಡಬ್ಬಿ ಒಯ್ಯಿರಿ ಅಂತ ಮೌಶಿಗೆ ಹೇಳೀನಿ. ಒಂದು ಮನಿಮಂದಿಗೆ, ಇನ್ನೊಂದು ಅಲ್ಲಿ ಯಾರರೆ ಬಾಜೂ ಬಂದು ಕೂತ್ರ ಕೊಡ್ಲಿಕ್ಕೆ.